ಎರಡೂ ತೋಳು ಒಂದೇ ಕೈಗೆ: ಅಮ್ಮನ ಮರೆವಿಗೆ ಹೆಸರು ಸಿಗಲು ಹಿಡಿದ ಎರಡು ವರ್ಷ ನಾಲ್ಕು ತಿಂಗಳು

2019ರ ದೀಪಾವಳಿ ಮುಗಿದ ವಾರ. ಅರಸೀಕೆರೆಯ ನಮ್ಮ ಬೀದಿಯ ಕೊನೆಯ ಮನೆಯ ಹುಡುಗಿಗೆ ಅಮ್ಮ ಹೊಲಿದುಕೊಟ್ಟಿದ್ದ ಧಾರೆ ಸೀರೆಯ ಬ್ಲೌಸು ಸಂಜೆ ಹೊತ್ತಿಗೆ ವಾಪಸ್ ಬಂತು. ಹುಡುಗಿಯ ತಾಯಿ ಜಗಳಕ್ಕೆ ಬಂದವರಲ್ಲ, ಗಾಬರಿಯಾಗಿ ಬಂದವರು. ಬಲಗಡೆ ತೋಳು ಹಿಡಿಯುತ್ತಿತ್ತು, ಕಂಕುಳಲ್ಲಿ ಬಟ್ಟೆ ಗಂಟುಗಂಟಾಗಿ ನಿಲ್ಲುತ್ತಿತ್ತು. ರಜೆಗೆ ಊರಿಗೆ ಹೋಗಿದ್ದ ನಾನು ಒಳಗು ಹೊರಗು ಮಾಡಿ ನೋಡಿದೆ. ಎರಡೂ ತೋಳು ಎಡಗೈಯವೇ.

ಹೊಲಿಗೆ ಗೊತ್ತಿಲ್ಲದವರಿಗೆ ಇದೇನು ಮಹಾ ಅನಿಸಬಹುದು. ತೋಳಿನ ಬಟ್ಟೆಯನ್ನು ಎರಡು ಪದರ ಮಡಿಸಿ, ಚಾಕಿನಲ್ಲಿ ಗೆರೆ ಎಳೆದು, ಒಂದೇ ಸಲಕ್ಕೆ ಕತ್ತರಿ ಹಾಕುತ್ತಾರೆ. ಕಂಕುಳ ತಿರುವು ಮುಂದುಗಡೆಗೆ ಸ್ವಲ್ಪ ಆಳ, ಹಿಂದುಗಡೆಗೆ ಸ್ವಲ್ಪ ಕಡಿಮೆ. ಪದರ ಮಡಿಸಿದ್ದರೆ ಎಡ ಬಲ ತಾವಾಗಿ ಬರುತ್ತವೆ. ಬಿಡಿಬಿಡಿಯಾಗಿ ಕತ್ತರಿಸಿ, ತಿರುಗಿಸುವುದನ್ನು ಮರೆತರೆ ಮಾತ್ರ ಎರಡೂ ಒಂದೇ ಕೈಗೆ ಬರುತ್ತವೆ. ಹೊಲಿಗೆ ಕಲಿಯಲು ಬಂದ ಹುಡುಗಿಯರಿಗೆ ಅಮ್ಮ ಮೊದಲ ದಿನ ಹೇಳಿಕೊಡುತ್ತಿದ್ದ ಪಾಠ ಇದು. ಆಗ ಅವರಿಗೆ 62 ವರ್ಷ. ಮಿಷನ್ ತುಳಿಯಲು ಶುರುಮಾಡಿ 34 ವರ್ಷವಾಗಿತ್ತು.

"ಬಟ್ಟೆ ಸಾಲಲಿಲ್ಲ ಕಣೆ, ತುಂಡುತುಂಡಾಗಿ ಕತ್ತರಿಸಬೇಕಾಯ್ತು" ಅಂದರು ಅಮ್ಮ. ನಾನು ನಂಬಿದೆ. ನಂಬದಿರಲು ಕಾರಣವೇ ಇರಲಿಲ್ಲ. ರಾತ್ರಿಯೆಲ್ಲ ಕೂತು ಬಿಚ್ಚಿ, ಸೆರಗಿನ ಹಿಂದಿನ ಪಟ್ಟಿಯಿಂದ ಬೇರೆ ತೋಳು ತೆಗೆದು ಹೊಲಿದುಕೊಟ್ಟೆವು. ಮದುವೆಯೂ ಚೆನ್ನಾಗಿ ಆಯಿತು.

ಅಮ್ಮನಿಗೆ ಇರುವುದು ಆಲ್ಜೈಮರ್ ಕಾಯಿಲೆ, ಇನ್ನೂ ಮೊದಲ ಹಂತದಲ್ಲಿದೆ ಎಂದು ವೈದ್ಯರು ಬರೆದುಕೊಟ್ಟದ್ದು 2022ರ ಫೆಬ್ರವರಿಯಲ್ಲಿ. ನಡುವಿನ ಎರಡು ವರ್ಷ ನಾಲ್ಕು ತಿಂಗಳು ಎಲ್ಲಿ ಹೋಯಿತು ಎಂಬುದನ್ನು ದಿನಾಂಕ ಸಮೇತ ಬರೆದಿಟ್ಟುಕೊಂಡಿದ್ದೇನೆ. ಸ್ಕ್ಯಾನಿಂಗಿಗೆ, ರಕ್ತ ಪರೀಕ್ಷೆಗೆ ಹೋದದ್ದು ಅದರಲ್ಲಿ ಕೆಲವೇ ದಿನ. ಉಳಿದದ್ದೆಲ್ಲ, ಕಂಡದ್ದನ್ನು ಬಾಯಿಬಿಟ್ಟು ಹೇಳಲು ನಾವು ತೆಗೆದುಕೊಂಡ ಕಾಲ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತು. ಮದುವೆ ಮುಂಜಿ ಇಲ್ಲ, ಹೊಲಿಗೆಯೂ ಇಲ್ಲ. ಅಮ್ಮನ ಕೈ ಎಲ್ಲಿ ತಪ್ಪುತ್ತಿದೆ ಎಂದು ತೋರಿಸಬಲ್ಲ ಕೆಲಸವೇ ನಿಂತುಹೋಯಿತು. ಅನ್ನ ಸಾರು ಮಾಡುವುದಕ್ಕೆ, ಪೂಜೆಗೆ ಹೂ ಬಿಡಿಸುವುದಕ್ಕೆ 40 ವರ್ಷದ ರೂಢಿ ಸಾಕು, ಅಲ್ಲಿ ಏನೂ ಕಾಣುತ್ತಿರಲಿಲ್ಲ. ಆಗಸ್ಟಿನಲ್ಲಿ ಅಪ್ಪ ಹೃದಯಾಘಾತದಿಂದ ಹೋದರು. ಅಮ್ಮ ಮಾತು ಕಡಿಮೆ ಮಾಡಿದರು. ಕೇಳಿದ್ದನ್ನೇ ಕೇಳುತ್ತಿದ್ದರು, ಟಿವಿ ಮುಂದೆ ಸುಮ್ಮನೆ ಕೂತಿರುತ್ತಿದ್ದರು. ಇಷ್ಟು ದೊಡ್ಡ ದುಃಖದಲ್ಲಿ ಇದೆಲ್ಲ ಇದ್ದದ್ದೇ ಅಂದುಕೊಂಡೆವು. ಬೆಂಗಳೂರಿನಲ್ಲಿರುವ ಅಣ್ಣ ದಿನಾ ರಾತ್ರಿ ಹತ್ತು ನಿಮಿಷ ಫೋನ್ ಮಾಡುತ್ತಿದ್ದ. ಊಟ ಆಯ್ತಾ, ಮಗಳು ಹೇಗಿದ್ದಾಳೆ, ಹುಷಾರಾಗಿರಪ್ಪ. ಹತ್ತು ನಿಮಿಷದ ಆ ಮಾತಿನಲ್ಲಿ ಅಮ್ಮ ಒಂದಕ್ಷರ ತಪ್ಪುತ್ತಿರಲಿಲ್ಲ. "ಅಮ್ಮ ಚೆನ್ನಾಗೇ ಇದ್ದಾರಲ್ಲೇ, ನೀನೇ ಏನೇನೋ ಹಚ್ಕೋತೀಯ" ಅನ್ನುತ್ತಿದ್ದ. ಹಾಸನದಿಂದ ವಾರಕ್ಕೊಮ್ಮೆ ಹೋಗಿ ಎರಡು ದಿನ ಇದ್ದು ಬರುತ್ತಿದ್ದ ನನಗೆ ಕಾಣುತ್ತಿದ್ದುದೇ ಬೇರೆ. ದೂರದವರಿಗೆ ಕಾಣದ್ದು ಹತ್ತಿರದವರಿಗೆ ಕಾಣುತ್ತದೆ, ಆದರೆ ಮನೆಯಲ್ಲಿ ಯಾರ ಮಾತಿಗೆ ತೂಕ ಎನ್ನುವುದು ಬೇರೆಯೇ ಲೆಕ್ಕ.

2021ರ ಜನವರಿಯಲ್ಲಿ ಚೀಟಿಯ ವಿಷಯ ಎದ್ದಿತು. ಬೀದಿಯ 20 ಹೆಂಗಸರು, ತಿಂಗಳಿಗೆ ಸಾವಿರ ರೂಪಾಯಿ. ಹದಿನಾರು ವರ್ಷದಿಂದ ಅಮ್ಮ ನಡೆಸುತ್ತಿದ್ದ ಚೀಟಿ, ಒಂದು ರೂಪಾಯಿ ಆಚೀಚೆ ಆದದ್ದಿಲ್ಲ. ಡಿಸೆಂಬರಿನ ಚೀಟಿ ಎತ್ತಿದವರು ತಮಗೆ 20,000 ಬಂದೇ ಇಲ್ಲ ಎಂದರು. ಅಮ್ಮ ಕೊಟ್ಟಿದ್ದೇನೆ ಎಂದು ದೇವರ ಮೇಲೆ ಆಣೆ ಮಾಡಿದರು. ಸುಳ್ಳು ಹೇಳುವ ಮುಖವಲ್ಲ ಅದು, ಕೊಟ್ಟ ನೆನಪೇ ಅವರಿಗಿತ್ತು. ಬೀದಿಯಲ್ಲಿ ಪಿಸುಮಾತು ಶುರುವಾಯಿತು: ಗಂಡ ಹೋದ ಮೇಲೆ ಕಷ್ಟ ಬಂದಿರಬೇಕು, ಪಾಪ, ತಿಂದುಕೊಂಡಿದ್ದಾರೆ. ನಾನು ಸಂಬಳದಲ್ಲಿ ತೆಗೆದು ಕಟ್ಟಿದೆ. ಆ ನೋಟುಗಳು ಆರು ತಿಂಗಳ ಮೇಲೆ, ಲೈನಿಂಗ್ ಬಟ್ಟೆಯ ಗಂಟಿನೊಳಗೆ ಅಳತೆ ಬ್ಲೌಸೊಂದರಲ್ಲಿ ಸುತ್ತಿಟ್ಟಂತೆ ಸಿಕ್ಕವು.

ಚೀಟಿಯ ಗಲಾಟೆಯ ಮೇಲೆಯೇ ನಾವು ಮೊದಲ ಸಲ ವೈದ್ಯರಲ್ಲಿಗೆ ಹೋದದ್ದು.

ಮೊದಲನೆಯವರು ನಗುತ್ತಾ, "ಅರವತ್ತಕ್ಕೆ ಅರಳುಮರಳು ಅಂತ ದೊಡ್ಡೋರು ಸುಮ್ನೆ ಹೇಳಿದ್ದಾರಾ?" ಎಂದರು. ಬಿಪಿ ನೋಡಿ, ಟಾನಿಕ್ ಬರೆದು ಕಳಿಸಿದರು. ನನಗೆ ಈ ಗಾದೆಯ ಮೇಲೆ ನಿಜವಾಗಿ ಸಿಟ್ಟಿದೆ. ಪದ ಚೆಂದ, ಪ್ರಾಸ ಚೆಂದ, ಹೇಳುವವರಲ್ಲಿ ಕೆಟ್ಟ ಮನಸ್ಸೂ ಇರುವುದಿಲ್ಲ. ಆದರೆ ಅರವತ್ತಾದವರೆಲ್ಲರಿಗೂ ಬರುವಂಥದ್ದು ಎಂದು ಒಮ್ಮೆ ಒಪ್ಪಿಕೊಂಡ ಮೇಲೆ ಅದನ್ನು ಪರೀಕ್ಷೆ ಮಾಡಿಸಲು ಯಾರು ಹೋಗುತ್ತಾರೆ? 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಡಿಮೆನ್ಶಿಯಾ (ನೆನಪು, ಯೋಚನೆ ಕುಂದಿ ದಿನನಿತ್ಯದ ಬದುಕೇ ಕೈತಪ್ಪುವ ಸ್ಥಿತಿ, ಆಲ್ಜೈಮರ್ ಅದರ ಮುಖ್ಯ ಕಾರಣ) ಇರುವವರು ಶೇ. 7.4, ಸುಮಾರು 88 ಲಕ್ಷ ಮಂದಿ. ದೊಡ್ಡ ಸಂಖ್ಯೆ, ನಿಜ. ಅದೇ ಲೆಕ್ಕದಲ್ಲಿ ನೂರರಲ್ಲಿ ತೊಂಬತ್ತೆರಡಕ್ಕೂ ಹೆಚ್ಚು ಹಿರಿಯರಿಗೆ ಅದಿಲ್ಲ ಎಂಬುದನ್ನೂ ಓದಬೇಕು. ಕೀಲಿಕೈ ಎಲ್ಲಿಟ್ಟೆ ಎಂದು ಮರೆಯುವುದು ವಯಸ್ಸು. ಮೂವತ್ತನಾಲ್ಕು ವರ್ಷ ಮಾಡಿದ ಕೆಲಸದ ಕ್ರಮವೇ ಕೈತಪ್ಪುವುದು ವಯಸ್ಸಲ್ಲ.

ಎರಡನೆಯ ವೈದ್ಯರು ಖಿನ್ನತೆ ಎಂದರು. ಅವರ ಅನುಮಾನದಲ್ಲಿ ತಪ್ಪಿರಲಿಲ್ಲ. ಖಿನ್ನತೆಯಲ್ಲೂ ಗಮನ ನಿಲ್ಲುವುದಿಲ್ಲ, ಮರೆವು ಬರುತ್ತದೆ. ಮರೆವಿನ ಕಾಯಿಲೆಯ ಮೊದಲ ಗುರುತೂ ಎಷ್ಟೋ ಸಲ ಖಿನ್ನತೆಯೇ. ಗಂಡನನ್ನು ಕಳಕೊಂಡು ಆರು ತಿಂಗಳಾಗಿದ್ದ ಹೆಂಗಸನ್ನು ನೋಡಿ ಬೇರೆ ಮಾಡುವುದು ಸುಲಭವಲ್ಲ. ಆದರೆ ಜೊತೆಗೆ ನಿದ್ದೆ ಮಾತ್ರೆ ಬರೆದರು. ಎರಡನೇ ವಾರ ರಾತ್ರಿ ಎದ್ದ ಅಮ್ಮನಿಗೆ ನಮ್ಮದೇ ಮನೆಯ ಬಚ್ಚಲು ಯಾವ ಕಡೆ ಎಂದು ತಿಳಿಯದೆ, ಅಡುಗೆಮನೆಯ ಮೂಲೆಯಲ್ಲಿ ಅಳುತ್ತಾ ನಿಂತಿದ್ದರು. ಇಂಥ ಮಾತ್ರೆಗಳು ವಯಸ್ಸಾದವರಲ್ಲಿ ಗೊಂದಲ ಹೆಚ್ಚಿಸಬಲ್ಲವು ಎಂದು ಆಗ ನಮಗೆ ಯಾರೂ ಹೇಳಿರಲಿಲ್ಲ. ಮರೆವು ಎಂದು ಹೋಗುವವರು ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಬೇಕು, ಶೀತಕ್ಕೆ ನುಂಗುವುದನ್ನೂ ಸೇರಿಸಿ.

ಮೂರನೆಯವರು ರಕ್ತ ಪರೀಕ್ಷೆ ಬರೆದರು. ಥೈರಾಯ್ಡ್ ಸರಿ ಇತ್ತು. ವಿಟಮಿನ್ ಬಿ12 ಮಾತ್ರ ತೀರಾ ಕಡಿಮೆ, 140. ಇಂಜೆಕ್ಷನ್ ಶುರುವಾಯಿತು. ಅಂಗಾಲು ಉರಿ ಹೋಯಿತು, ಸುಸ್ತು ಹೋಯಿತು, ಅಮ್ಮ ಒಂದು ದಿನ ತಾವಾಗಿಯೇ ಮಿಷನ್ ಮೇಲಿನ ಬಟ್ಟೆ ತೆಗೆದು ಎಣ್ಣೆ ಬಿಟ್ಟರು. ನಾವೆಲ್ಲ ಹಬ್ಬ ಮಾಡಿದೆವು. ಬಿ12 ಕೊರತೆ, ಥೈರಾಯ್ಡ್, ತಲೆಗೆ ಪೆಟ್ಟುಬಿದ್ದು ಒಳಗೆ ಹೆಪ್ಪುಗಟ್ಟಿದ ರಕ್ತ, ಮೆದುಳಿನಲ್ಲಿ ನೀರು ತುಂಬುವುದು, ಇವೆಲ್ಲ ಮರೆವು ತರಬಲ್ಲವು. ಬೇಗ ಹಿಡಿದರೆ ವಾಪಸ್ ತರಲೂಬಹುದು. ಬೇಗ ಹೋಗಬೇಕು ಎನ್ನುವುದಕ್ಕೆ ನನ್ನ ಮಟ್ಟಿಗೆ ಮೊದಲ ಕಾರಣ ಇದೇ. ಎಲ್ಲ ಮರೆವೂ ಆಲ್ಜೈಮರ್ ಅಲ್ಲ, ಹಾಗೆಂದು ತಿಳಿಯಬೇಕಾದರೂ ಹೋಗಿ ನೋಡಿಸಬೇಕು. ನಮ್ಮ ವಿಷಯದಲ್ಲಿ ಎರಡೂ ಒಟ್ಟಿಗೇ ಇದ್ದವು. ಬಿ12 ಸರಿಹೋಯಿತು, ಅದರ ಹಿಂದೆ ನಿಂತಿದ್ದದ್ದು ಹಾಗೇ ಇತ್ತು. ಸಿಕ್ಕಿತಲ್ಲ ಕಾರಣ ಎಂಬ ಸಮಾಧಾನದಲ್ಲಿ ಐದು ತಿಂಗಳು ಕಳೆದವು.

ಅಲ್ಲೇ ಐದು ನಿಮಿಷದ ಒಂದು ನೆನಪಿನ ಪರೀಕ್ಷೆಯೂ ಆಗಿತ್ತು. 30ಕ್ಕೆ 26. "ನಾರ್ಮಲ್" ಎಂದಿದ್ದರು. ಇವತ್ತು ಯಾವ ವಾರ, ಯಾವ ತಿಂಗಳು ಎಂಬುದಕ್ಕೆ ಅಮ್ಮ ಥಟ್ಟನೆ ಉತ್ತರ ಕೊಟ್ಟಿದ್ದರು. ಬೆಳಿಗ್ಗೆ ಹೊರಡುವಾಗ ಕ್ಯಾಲೆಂಡರ್ ಮುಂದೆ ನಿಂತು ಬಾಯಿಪಾಠ ಮಾಡುತ್ತಿದ್ದುದನ್ನು ನಾನು ನೋಡಿದ್ದೆ. ಆ ಮಾತು ವೈದ್ಯರಿಗೆ ಹೇಳಲಿಲ್ಲ. ಅಮ್ಮ ಪಾಸಾಗಲಿ ಎಂದು ನನ್ನ ಮನಸ್ಸೂ ಬೇಡಿಕೊಳ್ಳುತ್ತಿತ್ತು.

2021ರ ಆಗಸ್ಟಿನಲ್ಲಿ ಅಣ್ಣನ ಮನೆಯಲ್ಲಿ ಒಂದು ವಾರ ಇದ್ದಾಗ ಅಮ್ಮ ತರಕಾರಿ ತರಲು ಹೋಗಿ ಎರಡು ಗಂಟೆ ದಾರಿ ತಪ್ಪಿಸಿಕೊಂಡರು. ಆಗ ಅಣ್ಣನೇ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರ ನರರೋಗ ವಿಭಾಗಕ್ಕೆ ಕರಕೊಂಡು ಹೋದ. ಅಲ್ಲಿ ಎರಡು ಗಂಟೆಯ ಪರೀಕ್ಷೆ, ಪೂರ್ತಿ ಕನ್ನಡದಲ್ಲಿ. ಭಾಷೆ ಇಲ್ಲಿ ಸಣ್ಣ ವಿಷಯವಲ್ಲ. ಜಗತ್ತಿನಾದ್ಯಂತ ಬಳಸುವ 1975ರ ಪ್ರಸಿದ್ಧ ಪರೀಕ್ಷೆಯಲ್ಲಿ ಇಂಗ್ಲಿಷ್ ಪದವೊಂದರ ಅಕ್ಷರಗಳನ್ನು ಹಿಂದುಮುಂದಾಗಿ ಹೇಳಬೇಕು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಅಮ್ಮ ಅದರಲ್ಲಿ ಯಾವ ಕಾಲಕ್ಕೂ ಗೆಲ್ಲುತ್ತಿರಲಿಲ್ಲ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಓದುಬರಹ ಇಲ್ಲದವರಿಗೆಂದು ಅದನ್ನು ಹಿಂದಿಗೆ ಒಗ್ಗಿಸಿದಾಗ, ವಾರದ ದಿನಗಳನ್ನು ಹಿಂದಿನಿಂದ ಹೇಳಿಸುವ ಪ್ರಶ್ನೆ ಹಾಕಿಕೊಂಡರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಿದ್ಧಪಡಿಸಿರುವ ಪರೀಕ್ಷೆಗಳ ಗುಚ್ಛ ಈಗ ಕನ್ನಡದಲ್ಲೂ ಇದೆ. ಓದಿದವರನ್ನು ಸುಲಭದ ಪ್ರಶ್ನೆಗಳು ಪಾಸು ಮಾಡಿಬಿಡುತ್ತವೆ, ಓದದವರನ್ನು ಶಾಲೆಯ ಪ್ರಶ್ನೆಗಳು ಸುಮ್ಮನೆ ಫೇಲ್ ಮಾಡುತ್ತವೆ. ಎರಡೂ ಕಡೆ ಕಾಯಿಲೆ ತಪ್ಪಿಸಿಕೊಳ್ಳುತ್ತದೆ.

ಅಮ್ಮನ ಪರೀಕ್ಷೆ ಮಾಡಿದ ಮನಶ್ಶಾಸ್ತ್ರಜ್ಞೆ ಕೊನೆಗೆ ಕೇಳಿದರು: "ಅಮ್ಮ, ನೀವೇನು ಕೆಲಸ ಮಾಡ್ತಿದ್ರಿ?" ಇಲ್ಲಿಯವರೆಗೆ ಒಬ್ಬರೂ ಕೇಳದಿದ್ದ ಪ್ರಶ್ನೆ. ನಾನು ಎರಡು ತೋಳಿನ ಕಥೆ ಹೇಳಿದೆ. ಅವರು ಒಂದು ಹಾಳೆ, ಕತ್ತರಿ, ಪೆನ್ಸಿಲ್ ತಂದಿಟ್ಟು, "ನನಗೊಂದು ಜೊತೆ ತೋಳು ಕಟಿಂಗ್ ಮಾಡಿ ತೋರಿಸ್ತೀರಾ?" ಎಂದರು. ಅಮ್ಮನ ಮುಖ ಅರಳಿತು. ಹಾಳೆ ಎರಡು ಮಡಿಕೆ ಮಾಡಿದರು. ಬಿಚ್ಚಿದರು. ಉದ್ದಕ್ಕೆ ಮಡಿಸಿದರು. ಮತ್ತೆ ಬಿಚ್ಚಿ ಮೇಜಿನ ಮೇಲೆ ಸವರಿ ನೆಟ್ಟಗೆ ಮಾಡಿದರು. ಎಡಗೈ ಹೆಬ್ಬೆರಳಿನಿಂದ ಅಂಚನ್ನು ತೀಡುತ್ತಲೇ ಇದ್ದರು, ಗೆರೆ ಎಳೆಯಲಿಲ್ಲ. ಆಮೇಲೆ ಕತ್ತರಿಯನ್ನು ಹಿಡಿ ಅವರ ಕಡೆಗೆ ಬರುವಂತೆ ಮರ್ಯಾದೆಯಿಂದ ತಿರುಗಿಸಿ ಇಟ್ಟು, "ಯಾವ ಕೈದು ಅಂತ ಗೊತ್ತಾಗ್ತಿಲ್ಲ ಕಣಮ್ಮ" ಎಂದರು. ಅಣ್ಣ ಎದ್ದು ಹೊರಗೆ ಹೋದ.

ಅಷ್ಟಾದರೂ ಆ ದಿನ ಡಿಮೆನ್ಶಿಯಾ ಎಂದು ಬರೆಯಲಿಲ್ಲ. ಅದಕ್ಕೂ ಸರಿಯಾದ ಕಾರಣವಿದೆ. ನೆನಪು, ಯೋಚನೆ ಕುಂದಿದ್ದು ಪರೀಕ್ಷೆಯಲ್ಲಿ ಕಂಡರೂ ದಿನನಿತ್ಯದ ಬದುಕನ್ನು ಸ್ವಂತವಾಗಿ ನಡೆಸುತ್ತಿದ್ದರೆ ಅದನ್ನು ಮೈಲ್ಡ್ ಕಾಗ್ನಿಟಿವ್ ಇಂಪೇರ್‌ಮೆಂಟ್, ಚಿಕ್ಕದಾಗಿ ಎಂಸಿಐ ಎನ್ನುತ್ತಾರೆ. ಎಂಸಿಐ ಇರುವ ಎಲ್ಲರಿಗೂ ಡಿಮೆನ್ಶಿಯಾ ಬರುವುದಿಲ್ಲ, ಕೆಲವರು ಹಾಗೇ ಇರುತ್ತಾರೆ, ಕೆಲವರು ಸುಧಾರಿಸುತ್ತಾರೆ. ಅಡುಗೆ ಮಾಡ್ತಾರಾ ಎಂದು ವೈದ್ಯರು ಕೇಳಿದಾಗ ಮಾಡ್ತಾರೆ ಎಂದೆವು. ಬೇಳೆ, ಪುಡಿ, ಉಪ್ಪು ಎಲ್ಲ ಸಾಲಾಗಿ ಎತ್ತಿಟ್ಟು ಬರುತ್ತಿದ್ದದ್ದು ನಾನು ಎಂದು ಹೇಳಬೇಕು ಅನಿಸಲೇ ಇಲ್ಲ. ಹೆಂಗಸರಿರುವ ಮನೆಗಳಲ್ಲಿ ಒಬ್ಬರ ಕೈಸೋಲನ್ನು ಇನ್ನೊಬ್ಬರ ಕೈ ಮುಚ್ಚಿಬಿಡುತ್ತದೆ, ಲೆಕ್ಕಕ್ಕೇ ಸಿಗುವುದಿಲ್ಲ. ಮುಂದಿನ ಆರು ತಿಂಗಳು ನಾನು ಒಂದು ನೋಟ್‌ಬುಕ್ ಇಟ್ಟೆ: ಯಾವ ದಿನ, ಏನು ತಪ್ಪಿತು, ಯಾರು ಸರಿಮಾಡಿದರು. 2022ರ ಫೆಬ್ರವರಿಯಲ್ಲಿ ಆ ಪುಸ್ತಕ, ಎರಡನೇ ಸಲದ ಪರೀಕ್ಷೆ, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಭಾಗ ಕುಗ್ಗಿದ್ದನ್ನು ತೋರಿಸಿದ ಎಂಆರ್‌ಐ, ಮೂರನ್ನೂ ಇಟ್ಟುಕೊಂಡು ವೈದ್ಯರು ಹೆಸರು ಬರೆದರು. ಮೂರರಲ್ಲಿ ಹೆಚ್ಚು ಹೊತ್ತು ಅವರು ಓದಿದ್ದು ನೋಟ್‌ಬುಕ್ಕನ್ನೇ.

ಬರೆದರು, ಅಣ್ಣನ ಕಡೆ ತಿರುಗಿ ಇಂಗ್ಲಿಷಿನಲ್ಲಿ ವಿವರಿಸಿದರು. ಅಮ್ಮ ನಮ್ಮಿಬ್ಬರ ಮಧ್ಯೆಯೇ ಕೂತಿದ್ದರು.

ವಾಪಸ್ ಬರುವಾಗ ರೈಲಿನಲ್ಲಿ, ತುಮಕೂರು ದಾಟಿದ ಮೇಲೆ ಕೇಳಿದರು: "ನನ್ನೊಬ್ಬಳನ್ನ ಬಿಟ್ಟು ಎಲ್ರಿಗೂ ಹೇಳಿದ್ರಲ್ಲ, ಏನಂತೆ ನನಗೆ?" ಅಣ್ಣ "ಏನಿಲ್ಲಮ್ಮ, ನರದ ವೀಕ್ನೆಸ್" ಎಂದ. ಅಮ್ಮ ಕಿಟಕಿಯ ಕಡೆ ತಿರುಗಿದರು. ಮೂರು ವಾರ ನಾವು ಹೇಳಲಿಲ್ಲ. ಹೇಳಿದರೆ ಕುಸಿದುಹೋಗುತ್ತಾರೆ ಎಂಬುದು ಅಣ್ಣನ ಭಯ, ಅದು ಪ್ರೀತಿಯಿಂದಲೇ ಹುಟ್ಟಿದ್ದು. ಆದರೆ ಅಮ್ಮ ಆ ಮೂರು ವಾರ ಏನು ಅಂದುಕೊಂಡಿದ್ದರು ಗೊತ್ತೇ? ತನಗೆ ಹುಚ್ಚು ಹಿಡಿಯುತ್ತಿದೆ, ಮಕ್ಕಳು ಮುಚ್ಚಿಡುತ್ತಿದ್ದಾರೆ ಎಂದು. ಕೊನೆಗೆ ಒಂದು ಮಧ್ಯಾಹ್ನ ಹಿತ್ತಿಲಲ್ಲಿ ಕೂತು ನಾನೇ ಹೇಳಿದೆ. ಇದು ಹುಚ್ಚಲ್ಲ, ಮೆದುಳಿನ ಕಾಯಿಲೆ, ಹೆಸರು ಇಂಥದ್ದು, ನಿಧಾನಕ್ಕೆ ಹೆಚ್ಚಾಗುತ್ತೆ, ಪೂರ್ತಿ ವಾಸಿ ಮಾಡೋ ಔಷಧಿ ಇನ್ನೂ ಇಲ್ಲ. ಅಮ್ಮ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಬಟ್ಟೆ ಸಾಲದಿದ್ರೆ ನಾನು ಗಿರಾಕಿಗೆ ಕತ್ತರಿ ಹಾಕೋಕೆ ಮುಂಚೆ ಹೇಳ್ತಿದ್ದೆ. ಹಾಕಿದ್ಮೇಲೆ ಹೇಳಿ ಏನು ಬಂತು?" ಅಂದರು. ಮತ್ತೆ ಕೇಳಿದ್ದು ಚೀಟಿಯ ಬಗ್ಗೆ: "ಹಾಗಾದ್ರೆ ಅವತ್ತು ನಾನು ಕಳ್ಳಿ ಅಲ್ಲ ಅಲ್ವಾ?"

ಬೇಗ ತಿಳಿದು ಏನು ಪ್ರಯೋಜನ, ಔಷಧಿಯೇ ಇಲ್ಲವಲ್ಲ ಎನ್ನುವವರಿಗೆ ನಾನು ಹೇಳುವುದು ಅಮ್ಮನ ಆ ಪ್ರಶ್ನೆಯನ್ನೇ. ವೈದ್ಯರ ಚೀಟಿ ಹಿಡಿದು ಇಪ್ಪತ್ತು ಮನೆಗೂ ಹೋದೆ. ಎಲ್ಲರೂ ಒಪ್ಪಿದರು ಎನ್ನಲಾರೆ. ಡಿಸೆಂಬರಿನ ಚೀಟಿ ಎತ್ತಿದ್ದವರು ಮಾತ್ರ ಮಾರನೇ ದಿನ ಒಂದು ಡಬ್ಬಿ ಚಕ್ಕುಲಿ ತಂದು ಅಮ್ಮನ ಪಕ್ಕ ಸಂಜೆವರೆಗೆ ಕೂತಿದ್ದರು.

ಔಷಧಿಯ ಮಾತೂ ಹೇಳಬೇಕು. ಇಸಿಜಿ ನೋಡಿ ಡೊನೆಪೆಜಿಲ್ ಎಂಬ ಮಾತ್ರೆ 5 ಮಿಲಿಗ್ರಾಂ ಶುರುಮಾಡಿದರು. 10ಕ್ಕೆ ಏರಿಸಿದಾಗ ವಾಂತಿ, ನಾಡಿ ನಿಧಾನ ಆಯಿತು, ಮತ್ತೆ 5ಕ್ಕೆ ಇಳಿಸಿದರು. ಇದು ಕಾಯಿಲೆಯನ್ನು ನಿಲ್ಲಿಸುವುದಿಲ್ಲ, ಲಕ್ಷಣಗಳನ್ನು ಕೆಲಕಾಲ ಹಿಡಿದಿಡುತ್ತದೆ. ಅಮ್ಮನ ವಿಷಯದಲ್ಲಿ ಮಾತಿನ ಎಳೆ ಒಂದಷ್ಟು ತಿಂಗಳು ಗಟ್ಟಿಯಾಗಿತ್ತು. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಪಡೆದ ಲೆಕನೆಮ್ಯಾಬ್‌ನಂಥ ಔಷಧಿಗಳು ಆರಂಭದ ಹಂತದವರಿಗೆ ಮಾತ್ರ. ಪ್ರಯೋಗದಲ್ಲಿ 18 ತಿಂಗಳಿಗೆ ಇಳಿತದ ವೇಗ ಶೇ. 27ರಷ್ಟು ಕಡಿಮೆಯಾದದ್ದು ಕಂಡಿತು, ಜೊತೆಗೆ ಮೆದುಳಿನಲ್ಲಿ ಊತ, ರಕ್ತಸ್ರಾವದ ಅಪಾಯವೂ ಇದೆ. ಮುಂದೆ ಇಂಥವು ಇನ್ನೂ ಬರಬಹುದು. ಬಂದರೂ ತಡವಾಗಿ ಹೋದವರಿಗೆ ಅವು ದಕ್ಕುವುದಿಲ್ಲ. ನಮಗೆ ಮಾತ್ರೆಗಿಂತ ಹೆಚ್ಚು ಕೈಹಿಡಿದದ್ದು ಕಿವಿಯ ಮಿಷನ್. ಅಮ್ಮನಿಗೆ ಕಿವಿ ಮಂದವಾಗಿದ್ದದ್ದು ಆ ತಪಾಸಣೆಯಲ್ಲೇ ಗೊತ್ತಾದದ್ದು. ಕೇಳಿದ್ದನ್ನೇ ಕೇಳುತ್ತಿದ್ದುದರಲ್ಲಿ ಒಂದು ಪಾಲು, ಮೊದಲ ಸಲ ಕೇಳಿಸದೇ ಇದ್ದುದು.

ಇನ್ನು ಕಾಗದಪತ್ರ. ಇದನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಒಬ್ಬರಿಗೆ ಪವರ್ ಆಫ್ ಅಟಾರ್ನಿ (ನಮ್ಮ ಪರವಾಗಿ ವ್ಯವಹಾರ ಮಾಡಲು ಕೊಡುವ ಅಧಿಕಾರಪತ್ರ) ಮಾಡಿಸಿಟ್ಟರೆ ಸಾಕು ಎಂದು ಬಹಳ ಜನ ತಿಳಿದಿದ್ದಾರೆ. 1872ರ ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ, ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರವೂ ಮುಗಿಯುತ್ತದೆ. ಬೇಕಾಗುವ ಹೊತ್ತಿಗೇ ಅದು ಇರುವುದಿಲ್ಲ. ವಿಲ್ ಬರೆಯುವವರಿಗೆ ಬರೆಯುವ ಹೊತ್ತಿನಲ್ಲಿ ಬುದ್ಧಿ ಸ್ಥಿಮಿತದಲ್ಲಿರಬೇಕು. ಡಿಮೆನ್ಶಿಯಾ ಎಂದು ಬರೆದುಕೊಟ್ಟ ದಿನವೇ ಆ ಹಕ್ಕು ಹೋಗುವುದಿಲ್ಲ. ಅಮ್ಮನಿಗೆ ತನ್ನ ಆಸ್ತಿ ಏನು, ಮಕ್ಕಳು ಯಾರು, ಯಾರಿಗೆ ಏನು ಕೊಡುತ್ತಿದ್ದೇನೆ ಎಂಬುದು ಆಗ ಸ್ಪಷ್ಟವಿತ್ತು. ವೈದ್ಯರಿಂದ ಹಾಗೆಂದು ಸರ್ಟಿಫಿಕೇಟ್ ಪಡೆದು, 2022ರ ಜೂನಿನಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ವಿಲ್ ನೋಂದಾಯಿಸಿದೆವು. ಬ್ಯಾಂಕ್ ಖಾತೆಗೆ ನನ್ನ ಹೆಸರೂ ಸೇರಿತು. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ತನ್ನ ಪರವಾಗಿ ಚಿಕಿತ್ಸೆಯ ಮಾತಾಡಬೇಕಾದವರನ್ನು ಮೊದಲೇ ಹೆಸರಿಸಬಹುದು. ಅಮ್ಮ ಯೋಚಿಸಿ ಅಣ್ಣನನ್ನೇ ಹೆಸರಿಸಿದರು, "ಇವಳು ಅತ್ತುಬಿಡ್ತಾಳೆ" ಎಂದು. ಮಂಗಳೂರಿನಲ್ಲಿ ಹುಟ್ಟಿ ದೇಶದ ರಕ್ಷಣಾ ಸಚಿವರಾಗಿದ್ದ ಜಾರ್ಜ್ ಫರ್ನಾಂಡಿಸ್ ಆಲ್ಜೈಮರ್‌ನಿಂದ ಬಳಲುತ್ತಿದ್ದಾಗ, ಅವರು ಯಾರ ಆರೈಕೆಯಲ್ಲಿರಬೇಕು ಎಂಬ ಮನೆಯವರ ವಿವಾದ 2010ರಲ್ಲಿ ದಿಲ್ಲಿ ಹೈಕೋರ್ಟಿಗೆ ಹೋಯಿತು. ಅಂಥ ದೊಡ್ಡ ಮನೆಗಳ ಪಾಡೇ ಹೀಗಾದರೆ ನಮ್ಮಂಥವರ ಸೈಟು, ಪಾಸ್‌ಬುಕ್ಕುಗಳ ಗತಿ ಹೇಳಬೇಕೇ?

ಹೆಸರು ಸಿಕ್ಕಿದ್ದರಿಂದ ನೋವೂ ಆಯಿತು. ಸುದ್ದಿ ಹರಡಿದ ತಿಂಗಳಲ್ಲಿ ಫಾಲ್ಸ್ ಹಾಕಿಸಲೂ ಯಾರೂ ಬರಲಿಲ್ಲ. ನೆಂಟರೊಬ್ಬರು ಅಮ್ಮನ ಎದುರೇ "ಇವರಿಗೆ ಹೇಳಿ ಏನು ಪ್ರಯೋಜನ" ಎಂದು ನಮ್ಮ ಹತ್ತಿರ ಮಾತಾಡಿದರು. ಅಣ್ಣನ ಮಗಳ ಜಾತಕ ಕೇಳಿ ಬಂದವರು ಇದು ವಂಶಪಾರಂಪರ್ಯವೇ ಎಂದು ವಿಚಾರಿಸಿದರು. ಅರವತ್ತು ದಾಟಿ ಬರುವ ಆಲ್ಜೈಮರ್ ಬಹುಪಾಲು ಹಾಗೆ ನೇರವಾಗಿ ಇಳಿದು ಬರುವಂಥದ್ದಲ್ಲ ಎಂದು ವಿವರಿಸಿದೆವು. ಕೇಳಿಸಿಕೊಂಡರು, ಮತ್ತೆ ಬರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಗೊತ್ತಾದ ಮೊದಲ ವರ್ಷ ಅಮ್ಮ ತನ್ನ ಒಂದೊಂದು ಮರೆವನ್ನೂ ಎಣಿಸುತ್ತಿದ್ದರು. ಗೊತ್ತಿಲ್ಲದಿದ್ದರೆ ಆ ಸಂಕಟ ಇರುತ್ತಿರಲಿಲ್ಲವೇನೋ. ಹೇಳಿದ್ದು ಸರಿ ಎಂದು ನಾನು ಇವತ್ತೂ ನಂಬಿದ್ದೇನೆ, ಆದರೆ ಹೇಳಿ ಕೈತೊಳೆದುಕೊಳ್ಳುವ ಮಾತಲ್ಲ ಅದು. ಹೇಳಿದವರು ಪಕ್ಕದಲ್ಲಿ ಕೂರಬೇಕು, ವಾರಗಟ್ಟಲೆ.

ನಾವು ಅಲೆದಷ್ಟು ಎಲ್ಲರೂ ಅಲೆಯಬೇಕಾಗಿಲ್ಲ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಕರ್ನಾಟಕ ಬ್ರೇನ್ ಹೆಲ್ತ್ ಇನಿಷಿಯೇಟಿವ್ ಅಡಿ ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಮೆದುಳಿನ ಆರೋಗ್ಯದ ಕ್ಲಿನಿಕ್ಕುಗಳು ಬಂದಿವೆ. ಹಿರಿಯರ ಸಹಾಯವಾಣಿ 14567 ಇದೆ. ಹೋಗುವಾಗ ಮನೆಯವರು ಬರೆದ ಒಂದು ನೋಟ್‌ಬುಕ್ ಇರಲಿ, ಹೋಗುವವರು ಇಡೀ ಬದುಕು ಮಾಡಿದ ಕೆಲಸದ ಒಂದು ಗುರುತು ಜೊತೆಗಿರಲಿ. ಲೆಕ್ಕ ಬರೆದವರ ಖಾತೆ ಪುಸ್ತಕವಾಗಲಿ, ಅಡುಗೆಯವರ ಸಾಮಾನು ಪಟ್ಟಿಯಾಗಲಿ.

ಅಮ್ಮ ಈಗ ಹಾಸನದಲ್ಲಿ ನಮ್ಮ ಜೊತೆ ಇದ್ದಾರೆ. 2024ರ ಕೊನೆಗೆ ವೈದ್ಯರು ಮೆಮ್ಯಾಂಟಿನ್ ಎಂಬ ಇನ್ನೊಂದು ಔಷಧಿ ಸೇರಿಸಿದರು. ಅಪ್ಪನನ್ನು ಊಟಕ್ಕೆ ಕರೆಯಿರಿ ಎನ್ನುತ್ತಾರೆ ಕೆಲವು ದಿನ. ವಿಲ್ ಬರೆಸಿದ ತಿಂಗಳಲ್ಲಿ ಹೇಳಿಟ್ಟಿದ್ದರು: ಅಳತೆ ಪುಸ್ತಕ ಕೊನೆಯ ಶಿಷ್ಯೆಗೆ, ಕತ್ತರಿ ನನಗೆ, ಮಿಷನ್ ಮಾತ್ರ ತಾನಿರುವಲ್ಲೇ ಇರಬೇಕು. ನಡುಮನೆಯ ಕಿಟಕಿ ಪಕ್ಕ ಹಾಕಿದ್ದೇವೆ. ಸೂಜಿ ತೆಗೆದಿಟ್ಟಿದ್ದೇನೆ. ಸಂಜೆ ಕಾಫಿ ಆದ ಮೇಲೆ ಹಳೆಯ ಪಂಚೆಯ ತುಂಡೊಂದನ್ನು ಮಿಷನ್ನಿನ ಪಾದದ ಕೆಳಗೆ ಕೊಟ್ಟು ಅರ್ಧ ಗಂಟೆ ತುಳಿಯುತ್ತಾರೆ, ಬಟ್ಟೆ ನೆಟ್ಟಗೆ ಸರಿಯುತ್ತದೆ. ಮೊನ್ನೆ ನಿಲ್ಲಿಸಿ ನನ್ನನ್ನು ಕರೆದು, ಆ ತುಂಡನ್ನು ಎರಡು ಪದರ ಮಡಿಸಿ ಕೈಗೆ ಕೊಟ್ಟರು.